ಖಡ್ಗದ ಗಾತ್ರವೂ ಮಂತ್ರದ ಬಲವೂ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ದಾಳಗಳನ್ನು ಉರುಳಿಸುತ್ತ ಕಲ್ಪಿತ ಲೋಕವೊಂದರಲ್ಲಿ ಸಂಚರಿಸುವ ಆಟವು ಅಮೆರಿಕ ದೇಶದಲ್ಲಿ ೧೯೭೪ರಲ್ಲಿ ಪ್ರಕಟವಾಗಿ, ಇಂದು ಪ್ರಪಂಚದ ಬಹುಭಾಗಕ್ಕೆ ಹರಡಿದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಅದರ ಹೆಸರು. ಆ ಆಟಕ್ಕೂ ಅದರ ಸಂತತಿಯೆನ್ನಬಹುದಾದ ಇತರ ಆಟಗಳಿಗೂ ಸೇರಿದ ನಿಯಮಗ್ರಂಥಗಳಿಗೆ ಈಗ ಅರ್ಧ ಶತಮಾನದ ವಯಸ್ಸಾಗಿದೆ. ಅವುಗಳಿಗೆ ಆವೃತ್ತಿಗಳುಂಟು, ಪಾಠಾಂತರಗಳುಂಟು, ಹಿಂದಿನವರು ಬರೆದುದನ್ನು ಮುಂದಿನವರು ತಿದ್ದಿದ ಗುರುತುಗಳುಂಟು. ಇಂಥ ಗ್ರಂಥಗಳನ್ನು ವಿನೋದದ ಸಾಮಗ್ರಿಯೆಂದು ಬದಿಗಿಡುವುದು ಸುಲಭ. ಆದರೆ ನ್ಯಾಯವೆಂದರೇನು, ಬಲವೆಂದರೇನು, ಬಲಶಾಲಿಗೂ ದುರ್ಬಲನಿಗೂ ಒಂದೇ ಮೇಜಿನಲ್ಲಿ ಸ್ಥಾನ ಹೇಗೆ ಎಂಬ ಪ್ರಶ್ನೆಗಳಿಗೆ ಒಂದು ಕಾಲದ ಜನ ಅಂಕಿಗಳಲ್ಲಿ ಕೊಟ್ಟ ಉತ್ತರಗಳು ಇವುಗಳಲ್ಲಿ ಅಡಗಿವೆಯೆಂದು ನಮಗೆ ತೋರುತ್ತದೆ.

ಪ್ರಕೃತ ಲೇಖನದಲ್ಲಿ ಅಂಥ ಒಂದು ಸಣ್ಣ ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡಿದ್ದೇವೆ. ಒಂದು ಬಾಕುವಿಗೂ ಎರಡು ಕೈಗಳಿಂದ ಎತ್ತಬೇಕಾದ ಒಂದು ಮಹಾಖಡ್ಗಕ್ಕೂ ಒಂದೇ ಅಗ್ನಿಮಂತ್ರವನ್ನು ಪ್ರಯೋಗಿಸಿದರೆ, ಬಾಕುವಿನ ಬೆಂಕಿ ಕಡಮೆಯೂ ಖಡ್ಗದ ಬೆಂಕಿ ಹೆಚ್ಚೂ ಆಗಬೇಕೆ? ಅಥವಾ ಎರಡೂ ಸಮನಾಗಿಯೇ ಸುಡಬೇಕೆ? ಆಟಗಾರರಲ್ಲಿ ಬಹುಮಂದಿಗೆ ಮೊದಲನೆಯದೇ ಸಹಜವೆನಿಸುತ್ತದೆ. ದೊಡ್ಡ ಕೊಳ್ಳಿಗೆ ದೊಡ್ಡ ಉರಿ ಎಂಬುದು ಅವರ ವಾದ. ನಿಯಮಗ್ರಂಥಗಳು ಮಾತ್ರ ಬಹುಕಾಲ ಎರಡನೆಯದನ್ನೇ ಹಿಡಿದು ಬಂದುವು. ಇದು ಗ್ರಂಥಕರ್ತರ ಅಲಕ್ಷ್ಯದಿಂದ ಉಳಿದುಕೊಂಡ ದೋಷವೆಂದು ಕೆಲವರು ಹೇಳುವುದುಂಟು. ಹಾಗಲ್ಲವೆಂದು ನಮ್ಮ ಅಭಿಪ್ರಾಯ. ಆ ಸಮತ್ವಕ್ಕೆ ಒಂದು ಇತಿಹಾಸವಿದೆ; ಅದರಿಂದ ಪ್ರಯೋಜನ ಪಡೆದವನು ಗಿಡ್ಡ ದೇಹದ, ಸಣ್ಣ ಆಯುಧದ ವೀರ.

ಮುಂದಿನ ವಿಚಾರಕ್ಕೆ ಅಗತ್ಯವಾದಷ್ಟು ಪರಿಭಾಷೆಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಈ ಆಟಗಳಲ್ಲಿ ನಮ್ಮ ಪಗಡೆಯಲ್ಲಿರುವಂತೆ ಒಂದೇ ಬಗೆಯ ದಾಳವಲ್ಲ. ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳುಂಟು. ಏಟು ತಾಗಿತೋ ಇಲ್ಲವೋ ಎಂಬುದನ್ನು ಒಂದು ದಾಳವೂ, ತಾಗಿದ ಏಟಿನಿಂದ ಎಷ್ಟು ಹಾನಿಯಾಯಿತೆಂಬುದನ್ನು ಬೇರೊಂದು ದಾಳವೂ ನಿರ್ಣಯಿಸುತ್ತವೆ. ಹಾನಿಯ ಮೊತ್ತವನ್ನು ಎದುರಾಳಿಯ ಪ್ರಾಣಾಂಕಗಳಿಂದ ಕಳೆಯಲಾಗುತ್ತದೆ. ಆರು ಮುಖದ ದಾಳದ ಸರಾಸರಿ ಮೂರೂವರೆ, ನಾಲ್ಕು ಮುಖದ್ದು ಎರಡೂವರೆ, ಹನ್ನೆರಡು ಮುಖದ್ದು ಆರೂವರೆ. ಮಾಂತ್ರಿಕ ಆಯುಧಕ್ಕೆ ಸೇರಿಸುವ ಒಂದು, ಎರಡು, ಮೂರು ಎಂಬ ನಿಶ್ಚಿತ ಸಂಖ್ಯೆಯನ್ನು ನಾವು ಅಧಿಕಾಂಕವೆಂದು ಕರೆಯುತ್ತೇವೆ.

ಈ ಆಟದ ಮೂಲ ಯುದ್ಧಕ್ರೀಡೆಯಲ್ಲಿದೆ. ಸೀಸದ ಸಣ್ಣ ಬೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಮಧ್ಯಯುಗದ ಕಾಳಗಗಳನ್ನು ಆಡುತ್ತಿದ್ದವರಿಗಾಗಿ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಎಂಬಿಬ್ಬರು ೧೯೭೧ರಲ್ಲಿ ‘ಚೈನ್‌ಮೇಲ್’ ಎಂಬ ನಿಯಮಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ಆಯುಧದ ಗಾತ್ರಕ್ಕೆ ಬೆಲೆಯಿಲ್ಲದಿರಲಿಲ್ಲ. ಒಬ್ಬನೊಡನೊಬ್ಬನು ಕಾದುವ ಸಂದರ್ಭಕ್ಕಾಗಿ ಆಯುಧಗಳಿಗೆ ಕ್ರಮಾಂಕಗಳನ್ನು ಕೊಟ್ಟಿದ್ದರು. ಬಾಕುವಿಗೆ ಅತಿ ಚಿಕ್ಕ ಸಂಖ್ಯೆ, ಉದ್ದನೆಯ ಈಟಿಗೆ ಅತಿ ದೊಡ್ಡದು. ಆದರೆ ಆ ಸಂಖ್ಯೆ ಮೊದಲು ಯಾರು ಹೊಡೆಯಬೇಕೆಂಬುದನ್ನು ಗೊತ್ತುಮಾಡುತ್ತಿತ್ತೇ ಹೊರತು ಏಟಿನ ಆಳವನ್ನಲ್ಲ. ಏಟು ತಾಗಿದರೆ ಬೊಂಬೆ ಸತ್ತಂತೆಯೇ. ಸಾವಿನಲ್ಲಿ ಹೆಚ್ಚುಕಡಮೆ ಇರಲಿಲ್ಲ. ಪುಸ್ತಕದ ಕೊನೆಯಲ್ಲಿ ಅದ್ಭುತಕಥೆಗಳ ಕಾಳಗಕ್ಕೆಂದು ಸೇರಿಸಿದ ಅನುಬಂಧದಲ್ಲಿ ಮಾಂತ್ರಿಕ ಖಡ್ಗಗಳು ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತವೆ. ಸೇನೆಗಳ ಕಾಳಗದಲ್ಲಿ ಅಂಥ ಖಡ್ಗವನ್ನು ಹಿಡಿದ ವೀರನಿಗೆ ಒಂದು ದಾಳ ಹೆಚ್ಚು. ಅದ್ಭುತಜೀವಿಗಳೊಡನೆ ಹೋರಾಡುವಾಗ ದಾಳದ ಅಂಕಕ್ಕೆ ಒಂದು, ಬಹಳ ಬಲವುಳ್ಳ ಖಡ್ಗವಾದರೆ ಎರಡು ಅಥವಾ ಮೂರು ಸೇರುತ್ತದೆ. ಮಂತ್ರವೆಂದರೆ ಇರುವುದರ ಮೇಲೆ ಕೂಡಿಸುವ ಒಂದು ಅಂಶ ಎಂಬ ಭಾವನೆ ಹೀಗೆ ಆಟ ಹುಟ್ಟುವುದಕ್ಕೆ ಮೊದಲೇ ರೂಪುಗೊಂಡಿತ್ತೆಂಬುದನ್ನು ಗಮನಿಸಬೇಕು.

ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇಬ್ಬರೂ ಸೇರಿ ೧೯೭೪ರಲ್ಲಿ ಹೊರತಂದ ಮೂಲ ಆಟದ ಮೂರು ಪುಸ್ತಿಕೆಗಳಲ್ಲಿ ಹಾನಿಗೆ ಆಯುಧಭೇದವೇ ಇಲ್ಲ. ಬೇರೆ ರೀತಿ ಹೇಳದ ಹೊರತು ಯಾವ ಆಯುಧದ ಏಟಾದರೂ ಆರು ಮುಖದ ಒಂದು ದಾಳದಷ್ಟು ಹಾನಿಮಾಡುತ್ತದೆ. ಇಂದಿನ ಆಟಗಾರನಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಆಗ ಪ್ರಾಣಾಂಕಗಳಿಗೂ ಆರು ಮುಖದ ದಾಳವನ್ನೇ ಉರುಳಿಸುತ್ತಿದ್ದರೆಂಬುದನ್ನು ನೆನೆದರೆ ಅರ್ಥ ಸ್ಪಷ್ಟವಾಗುತ್ತದೆ. ಸಾಧಾರಣ ಮನುಷ್ಯನ ಪ್ರಾಣ ಒಂದು ದಾಳ, ಏಟು ಒಂದು ದಾಳ. ಸೀಸದ ಬೊಂಬೆ ಒಂದೇ ಏಟಿಗೆ ಉರುಳುತ್ತಿದ್ದ ಹಳೆಯ ಪದ್ಧತಿಯೇ ಇಲ್ಲಿ ಬೇರೆ ವೇಷದಲ್ಲಿ ನಿಂತಿದೆ. ಗಾತ್ರದ ಪ್ರಶ್ನೆ ಏಳುವುದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಆ ಪುಸ್ತಿಕೆಗಳಲ್ಲಿ ಮಾಂತ್ರಿಕ ಖಡ್ಗಗಳಿಗೆ ಬುದ್ಧಿಯುಂಟು, ಅಹಂಕಾರವುಂಟು, ಹಿಡಿದವನನ್ನೇ ವಶಮಾಡಿಕೊಳ್ಳುವ ಶಕ್ತಿಯುಂಟು. ಉದ್ದವೆಷ್ಟು ಎಂಬುದಕ್ಕೆ ಮಾತ್ರ ಮಹತ್ವವಿಲ್ಲ.

ಮರುವರ್ಷವೇ, ಎಂದರೆ ೧೯೭೫ರಲ್ಲಿ, ಗೈಗ್ಯಾಕ್ಸ್ ಮತ್ತು ರಾಬ್ ಕುಂಟ್ಜ್ ಬರೆದ ‘ಗ್ರೇಹಾಕ್’ ಎಂಬ ಪುರವಣಿಯಲ್ಲಿ ಆಯುಧಕ್ಕೊಂದು ದಾಳವೆಂಬ ಪದ್ಧತಿ ಬಂದಿತು. ೧೯೭೮ರ ‘ಅಡ್ವಾನ್ಸ್ಡ್’ ಆವೃತ್ತಿಯಲ್ಲಿ ಅದು ನೆಲೆಗೊಂಡಿತು. ಆ ಪಟ್ಟಿಯಲ್ಲಿ ಇಂದಿನವರು ಮರೆತುಬಿಟ್ಟಿರುವ ಒಂದು ವಿಶೇಷವಿದೆ. ಪ್ರತಿಯೊಂದು ಆಯುಧಕ್ಕೂ ಎರಡೆರಡು ಅಂಕಣ: ಎದುರಾಳಿ ಮನುಷ್ಯನಷ್ಟು ಅಥವಾ ಅವನಿಗಿಂತ ಚಿಕ್ಕವನಾದರೆ ಒಂದು, ಮನುಷ್ಯನಿಗಿಂತ ದೊಡ್ಡ ಪ್ರಾಣಿಯಾದರೆ ಇನ್ನೊಂದು. ಬಾಕು ಮನುಷ್ಯನಿಗೆ ೧ರಿಂದ ೪, ದೊಡ್ಡ ಪ್ರಾಣಿಗೆ ೧ರಿಂದ ೩. ಎರಡು ಕೈಯ ಖಡ್ಗ ಮನುಷ್ಯನಿಗೆ ೧ರಿಂದ ೧೦, ದೊಡ್ಡ ಪ್ರಾಣಿಗೆ ೩ರಿಂದ ೧೮. ಹೊಡೆಯುವ ಅಲಗಿನ ಗಾತ್ರದಷ್ಟೇ ಹೊಡೆತ ತಿನ್ನುವ ದೇಹದ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಮಂತ್ರದ ಅಧಿಕಾಂಕ ಎರಡು ಅಂಕಣಗಳಲ್ಲಿಯೂ ಒಂದೇ. ಒಂದು ಅಧಿಕಾಂಕವುಳ್ಳ ಬಾಕುವಿಗೂ ಒಂದೇ ಸೇರುತ್ತದೆ, ಖಡ್ಗಕ್ಕೂ ಒಂದೇ ಸೇರುತ್ತದೆ. ಉರಿನಾಲಿಗೆ ಎಂಬರ್ಥದ ಪ್ರಸಿದ್ಧ ಖಡ್ಗವೊಂದು ೧೯೭೯ರ ಗ್ರಂಥದಲ್ಲಿ ಬರುತ್ತದೆ. ಅದರ ಬೆಂಕಿಯೂ ಅಲ್ಲಿ ದಾಳವಲ್ಲ, ಬರಿಯ ಅಧಿಕಾಂಕ. ಸಾಮಾನ್ಯ ಶತ್ರುವಿಗೆ ಒಂದು, ಮತ್ತೆ ಮತ್ತೆ ಚಿಗುರುವ ದೇಹವುಳ್ಳ ಜೀವಿಗೆ ಎರಡು, ಚಳಿಯ ಜೀವಿಗೂ ಹಕ್ಕಿಗೂ ಸುಲಭವಾಗಿ ಹೊತ್ತಿಕೊಳ್ಳುವಂಥದಕ್ಕೂ ಮೂರು, ಪ್ರೇತಕ್ಕೆ ನಾಲ್ಕು. ಬೆಂಕಿಯ ಹೆಚ್ಚುಕಡಮೆ ಸುಡುವ ಅಲಗನ್ನಲ್ಲ, ಸುಡಲ್ಪಡುವ ವಸ್ತುವನ್ನು ಅವಲಂಬಿಸಿದೆ.

ಹಾಗಾದರೆ ಎಲ್ಲರೂ ಎರಡು ಕೈಯ ಮಾಂತ್ರಿಕ ಖಡ್ಗವನ್ನೇ ಹಿಡಿಯದಂತೆ ತಡೆದುದು ಯಾವುದು? ಉತ್ತರ ಅದೇ ೧೯೭೯ರ ಗ್ರಂಥದ ನಿಧಿಪಟ್ಟಿಯಲ್ಲಿದೆ. ಮಾಂತ್ರಿಕ ಖಡ್ಗವೊಂದು ದೊರೆತರೆ ಅದು ಯಾವ ಜಾತಿಯದೆಂದು ನೂರರ ದಾಳದಿಂದ ಗೊತ್ತುಮಾಡಬೇಕು. ನೂರಕ್ಕೆ ಎಪ್ಪತ್ತು ಪಾಲು ನೀಳ ಖಡ್ಗ, ಇಪ್ಪತ್ತು ಪಾಲು ಅಗಲ ಖಡ್ಗ, ಐದು ಪಾಲು ಗಿಡ್ಡ ಕತ್ತಿ, ನಾಲ್ಕು ಪಾಲು ಒಂದೂವರೆ ಕೈಯದು. ಎರಡು ಕೈಯ ಮಹಾಖಡ್ಗಕ್ಕೆ ನೂರರಲ್ಲಿ ಒಂದೇ ಪಾಲು. ಗಾತ್ರವನ್ನು ಹತೋಟಿಯಲ್ಲಿಟ್ಟುದು ಹಾನಿಯ ನಿಯಮವಲ್ಲ, ಈ ದುರ್ಲಭತೆ. ಈ ಅಂಶವನ್ನು ಗಮನಿಸದೆ ಹಳೆಯ ಗ್ರಂಥಗಳನ್ನು ಓದಿದರೆ ಅವುಗಳ ತೂಕ ನಮಗೆ ಸಿಕ್ಕುವುದಿಲ್ಲ.

ಅದೇ ಕಾಲದ ಬೇರೆ ಆಟಗಳು ಬೇರೆ ದಾರಿಗಳನ್ನು ಹುಡುಕಿದುವು. ಕೆನ್ ಸೇಂಟ್ ಆಂಡ್ರೆ ೧೯೭೫ರಲ್ಲಿ ರಚಿಸಿದ ‘ಟನಲ್ಸ್ ಅಂಡ್ ಟ್ರೋಲ್ಸ್’ ಆಟದ ಐದನೆಯ ಆವೃತ್ತಿ ೧೯೭೯ರಲ್ಲಿ ಬಂದಿತು. ಅದರಲ್ಲಿ ಕತ್ತಿ ಬಾಕುಗಳ ದಾಳವನ್ನು ಒಂದು ಸರದಿಯ ಮಟ್ಟಿಗೆ ಇಮ್ಮಡಿಮಾಡುವ ಮಂತ್ರವೊಂದಿದೆ. ಇಮ್ಮಡಿ ಎಂದೊಡನೆ ಗಾತ್ರ ಒಳಗೆ ಬಂದಂತಾಯಿತು. ದೊಡ್ಡದರ ಇಮ್ಮಡಿ ದೊಡ್ಡದೇ ಅಲ್ಲವೆ? ಇದಕ್ಕೆ ನೇರ ವಿರುದ್ಧವಾದುದು ೧೯೭೮ರ ‘ರೂನ್‌ಕ್ವೆಸ್ಟ್’ ಆಟದ ಅಗ್ನಿಮಂತ್ರ. ಅಲಗುಳ್ಳ ಆಯುಧಕ್ಕೆ ಆ ಮಂತ್ರವನ್ನು ಹಾಕಿದರೆ ಅದರ ಸ್ವಂತ ಹಾನಿ ಅಳಿದು, ಅದರ ಸ್ಥಾನದಲ್ಲಿ ಆರು ಮುಖದ ಮೂರು ದಾಳಗಳಷ್ಟು ಬೆಂಕಿ ನಿಲ್ಲುತ್ತದೆ. ಚೂರಿಯಾದರೂ ಅಷ್ಟೇ, ಮಹಾಖಡ್ಗವಾದರೂ ಅಷ್ಟೇ. ಲೋಹವು ಇಲ್ಲಿ ಬತ್ತಿ ಮಾತ್ರ. ನಾವು ಪರಿಶೀಲಿಸಿದ ನಿಯಮಗಳಲ್ಲೆಲ್ಲ ಇದೇ ಅತ್ಯಂತ ಧೀರವಾದುದೆಂದು ಹೇಳಲು ಅಡ್ಡಿಯಿಲ್ಲ. ಕೂಡಿಸುವುದು, ಗುಣಿಸುವುದು, ಸ್ಥಾನವನ್ನೇ ಆಕ್ರಮಿಸುವುದು ಎಂಬ ಮೂರು ಮಾರ್ಗಗಳೂ ಹೀಗೆ ಮೊದಲ ಐದಾರು ವರ್ಷಗಳಲ್ಲಿಯೇ ತೋರಿದ್ದುವು. ಮುಂದೆ ಬಂದವರು ಹೊಸದನ್ನು ಕಂಡುಹಿಡಿದರೆಂಬುದಕ್ಕಿಂತ ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆಂಬುದೇ ಸರಿ.

ನಿಯಮವು ಶಾಸ್ತ್ರದ ಖಚಿತತೆಯನ್ನು ಪಡೆದುದು ೨೦೦೦ದಲ್ಲಿ ಪ್ರಕಟವಾದ ಮೂರನೆಯ ಆವೃತ್ತಿಯಲ್ಲಿ ಮತ್ತು ೨೦೦೩ರಲ್ಲಿ ಅದನ್ನು ಪರಿಷ್ಕರಿಸಿದ ಪಾಠದಲ್ಲಿ. ಇಲ್ಲಿ ಉರಿಯುವ ಆಯುಧವೆಂದರೆ ಅದರ ಸ್ವಂತ ಹಾನಿಯ ಜೊತೆಗೆ ಆರು ಮುಖದ ಒಂದು ದಾಳದಷ್ಟು ಬೆಂಕಿ. ಹಿಮದ ಆಯುಧಕ್ಕೂ ಮಿಂಚಿನ ಆಯುಧಕ್ಕೂ ಇದೇ ಲೆಕ್ಕ. ಲೆಕ್ಕವನ್ನು ಬಿಡಿಸಿ ನೋಡೋಣ. ಬಾಕುವಿನ ಸರಾಸರಿ ಎರಡೂವರೆ. ಬೆಂಕಿ ಸೇರಿದರೆ ಆರು. ಮಹಾಖಡ್ಗಕ್ಕೆ ಆರು ಮುಖದ ಎರಡು ದಾಳ, ಸರಾಸರಿ ಏಳು. ಬೆಂಕಿ ಸೇರಿದರೆ ಹತ್ತೂವರೆ. ಮಂತ್ರವಿಲ್ಲದಿದ್ದಾಗ ಖಡ್ಗವು ಬಾಕುವಿನ ೨.೮ರಷ್ಟಿತ್ತು, ಮಂತ್ರ ಬಂದ ಮೇಲೆ ೧.೭೫ರಷ್ಟಾಯಿತು. ಬಾಕುವಿನ ಬಲ ನೂರಕ್ಕೆ ನೂರನಾಲ್ವತ್ತರಷ್ಟು ಏರಿದರೆ, ಖಡ್ಗದ್ದು ಐವತ್ತರಷ್ಟು ಮಾತ್ರ ಏರಿತು. ಸಮನಾದ ಬೆಂಕಿ ಸಮನಾದ ಉಪಕಾರವಲ್ಲ. ಚಿಕ್ಕದಕ್ಕೆ ಅದು ಹೆಚ್ಚಿನ ಉಪಕಾರ.

ಬೆಲೆಯ ವಿಷಯ ಇನ್ನೂ ಸ್ವಾರಸ್ಯವಾದುದು. ಹಿಂದಿನ ದುರ್ಲಭತೆ ಇಲ್ಲಿ ಮಾಯವಾಗಿದೆ. ಹಣವಿದ್ದವನು ಬೇಕಾದ ಆಯುಧಕ್ಕೆ ಬೇಕಾದ ಮಂತ್ರವನ್ನು ಹಾಕಿಸಿಕೊಳ್ಳಬಹುದು. ಅಧಿಕಾಂಕದ ವರ್ಗವನ್ನು ಎರಡು ಸಾವಿರದಿಂದ ಗುಣಿಸಿದರೆ ಬಂದಷ್ಟು ಚಿನ್ನದ ನಾಣ್ಯ ಮಂತ್ರದ ಬೆಲೆ. ಉರಿಯುವ ಗುಣಕ್ಕೆ ಒಂದು ಅಧಿಕಾಂಕದ ಬೆಲೆ ಕಟ್ಟಿದ್ದಾರೆ. ಅದಕ್ಕೆ ಮೊದಲು ಒಂದು ಸಾದಾ ಅಧಿಕಾಂಕ ಇರಲೇಬೇಕು. ಆದುದರಿಂದ ಒಟ್ಟು ಎರಡು. ಎರಡರ ವರ್ಗ ನಾಲ್ಕು. ಮಂತ್ರಕ್ಕೆ ೮,೦೦೦ ನಾಣ್ಯ. ಒಳ್ಳೆಯ ಕುಸುರಿಗೆ ೩೦೦. ಬಾಕುವಿನ ಸ್ವಂತ ಬೆಲೆ ೨, ಮಹಾಖಡ್ಗದ್ದು ೫೦. ಹೀಗೆ ಉರಿಯುವ ಬಾಕುವಿಗೆ ೮,೩೦೨ ನಾಣ್ಯ, ಉರಿಯುವ ಮಹಾಖಡ್ಗಕ್ಕೆ ೮,೩೫೦. ಎಂಟು ಸಾವಿರದ ವ್ಯವಹಾರದಲ್ಲಿ ಲೋಹದ ಗಾತ್ರಕ್ಕೆ ಸಲ್ಲುವ ವ್ಯತ್ಯಾಸ ನಾಲ್ವತ್ತೆಂಟು ನಾಣ್ಯ! ಮಂತ್ರವಾದಿಯು ಕಮ್ಮಾರನ ತಕ್ಕಡಿಯನ್ನು ಉಪಯೋಗಿಸುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಬೆಂಕಿಯ ಸಮತ್ವಕ್ಕೆ ಕಾರಣ ಯಾವುದೋ ಮಂತ್ರತತ್ತ್ವವಲ್ಲ, ಈ ಲೆಕ್ಕದ ಪುಸ್ತಕವೇ ಎಂದು ನಮಗೆ ತೋರುತ್ತದೆ. ಒಂದು ಅಧಿಕಾಂಕಕ್ಕೆ ಒಂದು ಬೆಲೆಯೆಂದು ಕಟ್ಟಬೇಕಾದರೆ, ಆ ಅಧಿಕಾಂಕದ ಫಲ ಎಲ್ಲೆಡೆಯೂ ಒಂದೇ ಆಗಿರಬೇಕು. ಬಾಕುವಿನ ಬೆಂಕಿ ಕಡಮೆಯಾಗಿದ್ದಿದ್ದರೆ ಅದನ್ನು ಅದೇ ಬೆಲೆಗೆ ಕೊಳ್ಳುವ ಮೂಢನಾರು?

ಇದಕ್ಕೆ ಒಂದು ಆಕ್ಷೇಪವಿದೆ. ಬೆಂಕಿ ಏಟಿಗೊಂದರಂತೆ ಸೇರುವುದಾದರೆ ಸಣ್ಣ ಆಯುಧಗಳೆರಡನ್ನು ಎರಡು ಕೈಗಳಲ್ಲಿ ಹಿಡಿದವನು ಬೆಂಕಿಯನ್ನೂ ಎರಡು ಸಲ ಪಡೆಯುತ್ತಾನಲ್ಲ, ಇದು ಅನ್ಯಾಯವಲ್ಲವೆ ಎಂದು. ಪಡೆಯುತ್ತಾನೆಂಬುದು ನಿಜವೇ. ಎರಡು ಉರಿಯುವ ಗಿಡ್ಡ ಕತ್ತಿಗಳ ಏಟು ಎರಡೂ ತಾಗಿದರೆ ಸಾದಾ ಅಧಿಕಾಂಕವನ್ನು ಬಿಟ್ಟು ಸರಾಸರಿ ಹದಿನಾಲ್ಕು. ಆದರೆ ಎರಡಕ್ಕೂ ಬೇರೆ ಬೇರೆಯಾಗಿ ಮಂತ್ರ ಹಾಕಿಸಬೇಕು. ಒಟ್ಟು ೧೬,೬೨೦ ನಾಣ್ಯ. ಅದಕ್ಕಿಂತ ತುಸು ಹೆಚ್ಚಾಗಿ ೧೮,೩೫೦ ನಾಣ್ಯ ಕೊಟ್ಟರೆ ಮಹಾಖಡ್ಗದ ಮೇಲೆ ಬೆಂಕಿ, ಹಿಮ ಎರಡನ್ನೂ ಇರಿಸಬಹುದು. ಅದರ ಸರಾಸರಿಯೂ ಹದಿನಾಲ್ಕೇ. ಖಡ್ಗದವನಿಗೆ ಒಂದೇ ಏಟು ತಾಗಿದರೆ ಸಾಕು, ಕತ್ತಿಗಳವನಿಗೆ ಎರಡೂ ತಾಗಬೇಕು. ದೊಡ್ಡ ಆಯುಧಕ್ಕೆ ದೇಹಬಲದ ಅಂಕವೂ ಒಂದೂವರೆ ಪಟ್ಟು ಸೇರುತ್ತದೆ. ಗಾತ್ರದ ಹಿರಿಮೆಯನ್ನು ತೋಳಿಗೆ ಬಿಟ್ಟು, ಮಂತ್ರವನ್ನು ಗಾತ್ರದಿಂದ ಬಿಡಿಸಿದ ಈ ವಿಭಾಗ ಸಾಕಷ್ಟು ವಿವೇಕದ್ದೆಂದೇ ಹೇಳಬೇಕು.

ಇನ್ನು ದೇಹದ ಗಾತ್ರದ ವಿಷಯ. ಈ ಆಟಗಳಲ್ಲಿ ಹಾಫ್‌ಲಿಂಗ್ ಎಂಬ ಗಿಡ್ಡರ ಜನಾಂಗವೊಂದಿದೆ. ಟೋಲ್ಕಿನ್‌ನ ಕಥೆಗಳ ಹಾಬಿಟ್ಟರೇ ಇವರು. ೧೯೭೪ರ ಪುಸ್ತಿಕೆಗಳ ಮೊದಲ ಮುದ್ರಣಗಳಲ್ಲಿ ಆ ಹೆಸರೇ ಇದ್ದು, ಆಕ್ಷೇಪಣೆ ಬಂದ ಬಳಿಕ ಅದನ್ನು ಬದಲಾಯಿಸಿದರು. ೧೯೩೭ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಕಥೆಯಲ್ಲಿ ಬಿಲ್ಬೊ ಎಂಬ ಗಿಡ್ಡನಿಗೆ ಟ್ರೋಲ್ ರಾಕ್ಷಸರ ಗುಹೆಯಲ್ಲಿ ಒಂದು ಅಲಗು ಸಿಕ್ಕುತ್ತದೆ. ರಾಕ್ಷಸನಿಗೆ ಅದು ಕಿಸೆಯ ಚೂರಿಯಾಗಬಹುದಾಗಿತ್ತು. ಬಿಲ್ಬೊಗೆ ಅದೇ ಕತ್ತಿಯಾಯಿತು. ಶತ್ರುಗಳು ಹತ್ತಿರ ಬಂದಾಗ ಆ ಅಲಗು ಹೊಳೆಯುತ್ತದೆ. ಅದರ ಜೊತೆಗೇ ದೊರೆತ ದೊಡ್ಡ ಖಡ್ಗಗಳ ಹೊಳಪಿಗಿಂತ ಕೀಳಾದುದೇನೂ ಅದರಲ್ಲಿಲ್ಲ. ಗಾತ್ರವು ಹಿಡಿದವನಿಗೆ ಸಾಪೇಕ್ಷ, ಮಂತ್ರವು ನಿರಪೇಕ್ಷ ಎಂಬ ಭಾವನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ನಮ್ಮ ವಾಚಕರಿಗೆ ಅಶ್ವತ್ಥಾಮನ ನೆನಪೂ ಆಗಬಹುದು. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅವನು ಬ್ರಹ್ಮಶಿರೋಸ್ತ್ರವನ್ನು ಅಭಿಮಂತ್ರಿಸಿದುದು ಒಂದು ಹುಲ್ಲುಕಡ್ಡಿಗೆ. ಈ ಆಟಗಳ ಕರ್ತೃಗಳಿಗೂ ಆ ಕಥೆಗೂ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಮಂತ್ರವು ವಾಹನದ ತೂಕವನ್ನು ಕೇಳುವುದಿಲ್ಲವೆಂಬ ಕಲ್ಪನೆ ನಮಗೆ ಅಪರಿಚಿತವಲ್ಲವೆಂದಷ್ಟೇ ಸೂಚಿಸುತ್ತಿದ್ದೇವೆ.

ಮೂರನೆಯ ಆವೃತ್ತಿಯ ೨೦೦೦ದ ಪಾಠವು ಬಿಲ್ಬೊವಿನ ಕತ್ತಿಗೆ ಸರಿಯಾಗಿ ಒಪ್ಪುತ್ತದೆ. ಅದರಲ್ಲಿ ಆಯುಧಕ್ಕೂ ಒಂದು ಗಾತ್ರ, ಹಿಡಿಯುವವನಿಗೂ ಒಂದು ಗಾತ್ರ. ಎರಡೂ ಸಮವಾದರೆ ಒಂದು ಕೈ ಸಾಕು. ಆಯುಧ ಒಂದು ಮೆಟ್ಟಲು ದೊಡ್ಡದಾದರೆ ಎರಡು ಕೈ ಬೇಕು. ಮನುಷ್ಯನ ನೀಳ ಖಡ್ಗವನ್ನು ಗಿಡ್ಡನು ಎರಡು ಕೈಗಳಿಂದ ಹಿಡಿದು ಯಾವ ತೊಡಕೂ ಇಲ್ಲದೆ ಬೀಸಬಹುದಾಗಿತ್ತು. ದಾಳವೂ ಅದೇ ಎಂಟು ಮುಖದ್ದು. ೨೦೦೩ರ ಪರಿಷ್ಕಾರದಲ್ಲಿ ಇದು ಬದಲಾಯಿತು. ಪ್ರತಿಯೊಂದು ಆಯುಧವೂ ಇಂಥ ಗಾತ್ರದವನಿಗೆಂದೇ ಮಾಡಲ್ಪಟ್ಟದ್ದು ಎಂದು ಭಾವಿಸಿದರು. ಮನುಷ್ಯನ ನೀಳ ಖಡ್ಗಕ್ಕೆ ಎಂಟು ಮುಖದ ದಾಳವಾದರೆ, ಗಿಡ್ಡನಿಗೆಂದು ಮಾಡಿದುದಕ್ಕೆ ಆರು ಮುಖದ್ದು, ದೈತ್ಯನಿಗೆಂದು ಮಾಡಿದುದಕ್ಕೆ ಆರು ಮುಖದ ಎರಡು. ತನ್ನ ಗಾತ್ರದ್ದಲ್ಲದ ಆಯುಧವನ್ನು ಹಿಡಿದವನಿಗೆ ಮೆಟ್ಟಲೊಂದಕ್ಕೆ ಎರಡರಂತೆ ಗುರಿಯಲ್ಲಿ ನಷ್ಟ. ಅಕಸ್ಮಾತ್ತಾಗಿ ಸಿಕ್ಕುವ ಆಯುಧಗಳಲ್ಲಿ ನೂರಕ್ಕೆ ಅರವತ್ತು ಮನುಷ್ಯಗಾತ್ರದವು, ಮೂವತ್ತು ಗಿಡ್ಡರವು, ಉಳಿದ ಹತ್ತು ಇತರ ಗಾತ್ರದವು. ವಾಸ್ತವತೆಯ ಹೆಸರಿನಲ್ಲಿ ಆದ ಈ ಬದಲಾವಣೆಯಿಂದ ಬಿಲ್ಬೊವಿಗೆ ಗುಹೆಯಲ್ಲಿ ಸಿಕ್ಕಿದ ಕತ್ತಿ ಕೈಗೆ ಒಗ್ಗದ ಕತ್ತಿಯಾಯಿತು. ಈ ಪರಿಷ್ಕಾರವನ್ನು ನಾವು ಹಿನ್ನಡೆಯೆಂದೇ ಎಣಿಸುತ್ತೇವೆ. ಆದರೂ ಆ ಗ್ರಂಥದಲ್ಲಿ ಗಿಡ್ಡನ ಸಹಾಯಕ್ಕೆ ಉಳಿದುದು ಮಂತ್ರವೇ. ಗಿಡ್ಡನ ನೀಳ ಖಡ್ಗದ ಮೂರೂವರೆಯೂ ಮನುಷ್ಯನ ನಾಲ್ಕೂವರೆಯೂ ನೂರಕ್ಕೆ ಎಪ್ಪತ್ತೆಂಟರ ಪ್ರಮಾಣದಲ್ಲಿದ್ದರೆ, ಇಬ್ಬರಿಗೂ ಒಂದೇ ಬೆಂಕಿ ಸೇರಿದಾಗ ಏಳಕ್ಕೆ ಎಂಟು. ಎಂದರೆ ನೂರಕ್ಕೆ ಎಂಬತ್ತೇಳೂವರೆ.

ಆ ಗ್ರಂಥಕರ್ತರು ಈ ಭೇದವನ್ನು ತಿಳಿದೇ ಮಾಡಿದರೆಂಬುದಕ್ಕೆ ಒಂದು ಪ್ರಬಲವಾದ ಸಾಕ್ಷ್ಯವುಂಟು. ಮನುಷ್ಯನನ್ನು ಬೆಳೆಯಿಸುವ ಮಂತ್ರವೊಂದು ಅದರಲ್ಲಿದೆ. ದೇಹದೊಡನೆ ಉಡುಪೂ ಆಯುಧವೂ ಬೆಳೆಯುತ್ತವೆ. ಬೆಳೆದ ಆಯುಧ ಹೆಚ್ಚು ಹಾನಿಮಾಡುತ್ತದೆ. ಆದರೆ ಅದರ ಬೇರೆ ಮಾಂತ್ರಿಕ ಗುಣಗಳು ಹಾಗೆಯೇ ಇರುತ್ತವೆಂದು ೨೦೦೩ರ ಪಾಠ ಬಿಡಿಸಿ ಹೇಳುತ್ತದೆ. ಲೋಹ ಬೆಳೆಯಿತು, ಬೆಂಕಿ ಬೆಳೆಯಲಿಲ್ಲ. ಬೆಳೆದವನ ಕೈಬಿಟ್ಟ ವಸ್ತು ಆ ಕ್ಷಣವೇ ತನ್ನ ಮೊದಲ ಗಾತ್ರಕ್ಕೆ ಮರಳುವುದರಿಂದ, ಎಸೆದ ಬಾಕುವಿಗೆ ಆ ಲಾಭವೂ ಇಲ್ಲ. ಮಂತ್ರವು ಗಾತ್ರದ ಮೂಲಕವೇ ಕೆಲಸಮಾಡುವ ಪ್ರಸಂಗಗಳೂ ಅಲ್ಲಿಲ್ಲದಿಲ್ಲ. ಷಿಲೇಲಿ ಎಂಬ ಐರಿಷ್ ಹೆಸರಿನ ಮಂತ್ರದಿಂದ ಸಾದಾ ದೊಣ್ಣೆಯೊಂದು ಎರಡು ಮೆಟ್ಟಲು ದೊಡ್ಡದಾದಂತೆ ಹೊಡೆಯುತ್ತದೆ; ಮನುಷ್ಯನ ಕೈಯಲ್ಲಿ ಆರು ಮುಖದ ಎರಡು ದಾಳ, ಎಂದರೆ ಮಹಾಖಡ್ಗದಷ್ಟೇ. ಆದರೆ ಅದು ಮಂತ್ರವಿಲ್ಲದ ಮರದ ತುಂಡಿಗೆ ಮಾತ್ರ ಸಲ್ಲುವ ಮಂತ್ರ.

ಹೋಲಿಕೆಗಾಗಿ ೨೦೧೪ರ ಐದನೆಯ ಆವೃತ್ತಿಯನ್ನು ನೋಡಬೇಕು. ಅಲ್ಲಿ ಉರಿನಾಲಿಗೆಯ ಖಡ್ಗ ಯಾವ ಜಾತಿಯದಾದರೂ ಆರು ಮುಖದ ಎರಡು ದಾಳದಷ್ಟು ಬೆಂಕಿಯನ್ನು ಕೊಡುತ್ತದೆ. ಮರ್ಮಕ್ಕೆ ತಾಗಿದ ಏಟಿನಲ್ಲಿ ಬೆಂಕಿಯ ದಾಳವೂ ಇಮ್ಮಡಿಯಾಗುತ್ತದೆ. ಮೂರನೆಯ ಆವೃತ್ತಿಯಲ್ಲಿ ಆಗುತ್ತಿರಲಿಲ್ಲ. ಇದಕ್ಕಿಂತ ಮುಖ್ಯವಾದುದು ಬೆಳೆಯಿಸುವ ಮಂತ್ರದಲ್ಲಾದ ಮಾರ್ಪಾಡು. ೨೦೦೩ರಲ್ಲಿ ಬೆಳೆದ ಬಾಕು ನಾಲ್ಕರಿಂದ ಆರು ಮುಖಕ್ಕೆ ಏರಿ ಸರಾಸರಿಯಲ್ಲಿ ಒಂದನ್ನು ಮಾತ್ರ ಗಳಿಸುತ್ತಿತ್ತು. ಮಹಾಖಡ್ಗ ಎರಡು ದಾಳದಿಂದ ಮೂರಕ್ಕೆ ಏರಿ ಮೂರೂವರೆಯನ್ನು ಗಳಿಸುತ್ತಿತ್ತು. ೨೦೧೪ರಲ್ಲಿ ಬೆಳೆದವನ ಆಯುಧ ಯಾವುದಾದರೂ ನಾಲ್ಕು ಮುಖದ ಒಂದು ದಾಳ ಹೆಚ್ಚು, ಅಷ್ಟೇ. ಗಾತ್ರವನ್ನೇ ಹೆಚ್ಚಿಸುವ ಮಂತ್ರದಲ್ಲಿ ಗಾತ್ರದ ಲೆಕ್ಕವನ್ನು ಬಿಟ್ಟುಕೊಟ್ಟರು! ಹಾಸ್ಯಾಸ್ಪದವೆನ್ನಬಹುದು, ಆದರೆ ೧೯೭೧ರ ಒಂದು ದಾಳ ಹೆಚ್ಚು ಎಂಬ ಹಳೆಯ 표ಮಾರ್ಗವೇ ಇಲ್ಲಿ ಪೂರ್ಣವಾಗಿ ಗೆದ್ದಿತು. ಗಿಡ್ಡರಿಗೆ ಬೇರೆ ದಾಳವೆಂಬ ನಿಯಮವನ್ನೂ ಈ ಆವೃತ್ತಿ ತೆಗೆದುಹಾಕಿತು. ಬಹಳ ಭಾರದ ಆಯುಧಗಳಲ್ಲಿ ಮಾತ್ರ ಅವರಿಗೆ ತೊಡಕನ್ನು ಉಳಿಸಿತು. ೨೦೨೪ರ ಪರಿಷ್ಕಾರದಲ್ಲಿ ಅದೂ ಹೋಗಿ, ದೇಹದ ಗಾತ್ರದ ಬದಲು ೧೩ರಷ್ಟು ಬಲವಿದೆಯೇ ಎಂಬ ಪ್ರಶ್ನೆ ಬಂದಿತು.

ಇವೆರಡರ ನಡುವೆ ೨೦೦೮ರ ನಾಲ್ಕನೆಯ ಆವೃತ್ತಿ ಗುಣಾಕಾರದ ದಾರಿಯನ್ನು ಹಿಡಿದಿತ್ತು. ಅಲ್ಲಿ ವೀರನ ಪ್ರತಿಯೊಂದು ಹೊಡೆತವನ್ನೂ ಆಯುಧದ ದಾಳ ಎಷ್ಟು ಮಡಿ ಎಂದು ಹೇಳಲಾಗಿದೆ. ಮೂರು ಮಡಿಯ ಹೊಡೆತ ಬಾಕುವಿನಲ್ಲಿ ಏಳೂವರೆ, ಹತ್ತು ಮುಖದ ದಾಳದ ಮಹಾಖಡ್ಗದಲ್ಲಿ ಹದಿನಾರೂವರೆ. ಆದರೆ ಇಲ್ಲಿ ಗುಣಿಸಿದುದು ವೀರನ ಕೌಶಲವನ್ನು, ಆಯುಧದ ಮಂತ್ರವನ್ನಲ್ಲ. ಆದುದರಿಂದ ಇದನ್ನು ಹೆಚ್ಚು ವಿಸ್ತರಿಸುವುದಿಲ್ಲ.

ಮಂತ್ರವನ್ನೇ ಗಾತ್ರಕ್ಕೆ ಕಟ್ಟಿದುದು ೨೦೧೯ರಲ್ಲಿ ಬಂದ ‘ಪಾತ್‌ಫೈಂಡರ್’ ಆಟದ ಎರಡನೆಯ ಆವೃತ್ತಿ. ಆ ಆಟ ೨೦೦೯ರಲ್ಲಿ ಹುಟ್ಟಿದಾಗ ಮೂರನೆಯ ಆವೃತ್ತಿಯ ನೇರ ವಾರಸುದಾರನಾಗಿತ್ತು; ಉರಿಯುವ ಆಯುಧದ ಒಂದು ದಾಳವನ್ನು ಹಾಗೆಯೇ ಉಳಿಸಿಕೊಂಡಿತ್ತು. ಎರಡನೆಯ ಆವೃತ್ತಿಯಲ್ಲಿ ಆಯುಧದ ಮೇಲೆ ಕೆತ್ತುವ ರೂನ್ ಅಕ್ಷರಗಳಿಂದ ಮಂತ್ರಬಲ ಬರುತ್ತದೆ. ಅವುಗಳಲ್ಲಿ ಉರಿಯ ರೂನ್ ಎಂದಿನಂತೆ ಆರು ಮುಖದ ಒಂದು ದಾಳವನ್ನು ಕೂಡಿಸುತ್ತದೆ. ಹೊಡೆತದ ರೂನ್ ಎಂಬ ಬೇರೊಂದುಂಟು. ಅದು ಆಯುಧದ ಸ್ವಂತ ದಾಳವನ್ನು ಒಂದರಿಂದ ಎರಡಕ್ಕೆ ಏರಿಸುತ್ತದೆ. ಅದಕ್ಕಿಂತ ಹಿರಿದಾದುದು ಮೂರಕ್ಕೆ, ಅತ್ಯುನ್ನತವಾದುದು ನಾಲ್ಕಕ್ಕೆ. ಬಾಕುವಿಗೆ ಅಲ್ಲಿಯೂ ನಾಲ್ಕು ಮುಖದ ದಾಳ; ಮಹಾಖಡ್ಗಕ್ಕೆ ಹನ್ನೆರಡು ಮುಖದ್ದು. ನಲವತ್ತೈದು ವರ್ಷಗಳ ಹಿಂದೆ ಆಯುಧಭೇದವಿಲ್ಲದೆ ಆರಂಭವಾದ ಪರಂಪರೆಯಲ್ಲಿ, ಎರಡು ವಿರುದ್ಧ ಸಿದ್ಧಾಂತಗಳು ಒಂದೇ ಅಲಗಿನ ಮೇಲೆ ಅಕ್ಕಪಕ್ಕದಲ್ಲಿ ಕೆತ್ತಲ್ಪಟ್ಟುವು. ಅತ್ಯುನ್ನತ ಹೊಡೆತದ ರೂನೂ ಉರಿಯ ರೂನೂ ಇರುವ ಬಾಕುವಿನ ಸರಾಸರಿ ಹದಿಮೂರೂವರೆ. ಅವೇ ಇರುವ ಮಹಾಖಡ್ಗದ್ದು ಇಪ್ಪತ್ತೊಂಬತ್ತೂವರೆ. ಉರಿಯ ಪಾಲು ಎರಡರಲ್ಲಿಯೂ ಮೂರೂವರೆಯೇ.

ಈ ಆಟದ ಕರ್ತೃಗಳು ಸಣ್ಣ ಆಯುಧವನ್ನು ಮರೆತರೆಂದು ಹೇಳಲಾಗದು. ಬಾಕುವಿಗೆ ಚುರುಕೆಂಬ ಗುಣವನ್ನು ಕೊಟ್ಟಿದ್ದಾರೆ. ಒಂದೇ ಸರದಿಯಲ್ಲಿ ಎರಡನೆಯ ಏಟಿಗೆ ಇತರರು ಗುರಿಯಲ್ಲಿ ಐದನ್ನು ಕಳೆದುಕೊಂಡರೆ ಬಾಕುವಿನವನು ನಾಲ್ಕನ್ನು, ಮೂರನೆಯ ಏಟಿಗೆ ಹತ್ತರ ಬದಲು ಎಂಟನ್ನು ಕಳೆದುಕೊಳ್ಳುತ್ತಾನೆ. ತಾಗಿದ ಪ್ರತಿ ಏಟಿಗೂ ಉರಿ ಪೂರ್ಣವಾಗಿಯೇ ಸೇರುತ್ತದೆ. ಗಿಡ್ಡರ ವಿಷಯದಲ್ಲಿಯೂ ೨೦೦೩ರ ಭೇದವನ್ನು ಇವರು ಉಳಿಸಲಿಲ್ಲ. ಹಾಫ್‌ಲಿಂಗನು ಮಹಾಖಡ್ಗವನ್ನು ಹಿಡಿದರೆ ಅವನಿಗೂ ಮನುಷ್ಯನಂತೆ ಹನ್ನೆರಡು ಮುಖದ ದಾಳವೇ. ಆದರೆ ಅವನು ಬಿಲ್ಬೊವಿನಂತೆ ತನ್ನ ಸಣ್ಣ ಅಲಗನ್ನೇ ನಚ್ಚಿಕೊಂಡರೆ, ರೂನ್ ಇಲ್ಲದಾಗ ಅವನಿಗೂ ಮಹಾಖಡ್ಗದವನಿಗೂ ಏಟೊಂದಕ್ಕೆ ನಾಲ್ಕರ ಅಂತರ. ಮೊದಲ ರೂನಿಗೆ ಎಂಟು, ಎರಡನೆಯದಕ್ಕೆ ಹನ್ನೆರಡು, ಮೂರನೆಯದಕ್ಕೆ ಹದಿನಾರು.